ಒಲೆಗೆ ನೀರು

ನರಸಿಂಹರಾಜಪುರ
೩ ಸೆಪ್ಟೆಂಬರ್ ೨೦೦೬, ಭಾನುವಾರ

ತಮ್ಮ ವೀರೇಶನಿಗೆ,

ಬೈಯುವುದನ್ನು ಆಮೇಲೆ ಇಟ್ಟುಕೊಂಡು ಮೊದಲು ಆಶೀರ್ವಾದ ಮಾಡುತ್ತೇನೆ. ಚೆನ್ನಾಗಿರು. ನಾನೂ ಚೆನ್ನಾಗಿದ್ದೇನೆ ಎಂದು ಬರೆಯುವುದು ಅಭ್ಯಾಸ, ಆದರೆ ಈ ಸಲ ಹಾಗೆ ಬರೆದರೆ ಸುಳ್ಳಾಗುತ್ತದೆ. ನಿನ್ನ ಪತ್ರ ಬಂದು ಎರಡು ವಾರವಾಯಿತು. ಅಕ್ಕ ಉತ್ತರ ಬರೆಯಲಿಲ್ಲ ಎಂದು ಮುಖ ಊದಿಸಿಕೊಂಡಿರುತ್ತೀಯ. ಊದಿಸಿಕೋ ಮಾರಾಯ, ಮಳೆಗಾಲಕ್ಕೊಂದು ಬೇಸಿಗೆಗೊಂದು ಪತ್ರ ಬರೆಯುವ ನಿನಗೆ ಆ ಹಕ್ಕಿಲ್ಲ. ಫೋನು ಮಾಡೋಣವೆಂದರೆ ನಿಮ್ಮ ಎಸ್ಟೇಟಿನಲ್ಲಿ ಮೊಬೈಲಿಗೆ ಸಿಗ್ನಲ್ ಇಲ್ಲ. ಬಂಗಲೆಯ ಫೋನಿಗೆ ಮಾಡಿದರೆ ಯಾರೋ ಎತ್ತಿಕೊಂಡು ಯಾರು, ಎಲ್ಲಿಂದ, ಏನು ವಿಷಯ ಎಂದು ವಿಚಾರಣೆ ಶುರು ಮಾಡುತ್ತಾರೆ. ಇನ್ನು ತಡವಾಗಿದ್ದಕ್ಕೆ ನಿಜವಾದ ಕಾರಣ ನನ್ನ ಬಲಗೈ. ಒಬ್ಬಳು ಹುಡುಗಿ ಕಚ್ಚಿದ್ದಾಳೆ. ಈಗ ಮಾಯುತ್ತಿದೆ, ಗಾಬರಿಯಾಗಬೇಡ.

ನಿನ್ನ ಕೆಮ್ಮು ಹೇಗಿದೆ? ಸಕಲೇಶಪುರದ ಆ ಚಳಿಗೆ ಕಡಿಮೆಯಾಗಿರಲಾರದು. ಡಾಕ್ಟರ ಔಷಧಿ ಕುಡಿ, ಬೇಡ ಅನ್ನುವುದಿಲ್ಲ. ಜೊತೆಗೆ ಅಮ್ಮ ಮಾಡುತ್ತಿದ್ದ ಹಾಗೆ ಒಲೆಯ ಬೂದಿ ಒಂದು ಚಿಟಿಕೆ ತೆಗೆದು, ಕಣ್ಣು ಮುಚ್ಚಿ ಶಿವನನ್ನು ನೆನೆದು ಗಂಟಲಿಗೆ ಹಚ್ಚಿಕೋ. ಊರವರಿಗೆಲ್ಲ ಹಣೆಗೆ ವಿಭೂತಿಯಾದರೆ ನಮ್ಮ ಮನೆಯವರಿಗೆ ಗಂಟಲಿಗೂ ಬೇಕು ಎಂದು ಅಪ್ಪ ನಗುತ್ತಿದ್ದರಲ್ಲ. ನಗಲಿ. ಅಮ್ಮ ಹೋದ ಮೇಲೆ ನಿನ್ನನ್ನು ಆ ಬೂದಿಯಲ್ಲೇ ಸಾಕಿದವಳು ನಾನು.

ಈಗ ಕಚ್ಚಿದ ವಿಷಯ. ಜೂನ್‌ನಲ್ಲಿ ಚಿಕ್ಕಮಗಳೂರಿಗೆ ತರಬೇತಿಗೆ ಹೋಗಿದ್ದೆ ಎಂದು ಬರೆದಿದ್ದೆ. ಅಲ್ಲಿ ಮೈಸೂರಿನಿಂದ ಬಂದ ಒಬ್ಬ ಹೆಂಗಸು ನಮಗೆ ಒಂದು ಆಟ ಆಡಿಸಿದರು. ನಿರಾಶ್ರಿತರ ಆಟ. ಒಬ್ಬೊಬ್ಬರಿಗೆ ಒಂದು ಪಾತ್ರ. ಊರಿಗೆ ಯಾರೋ ನುಗ್ಗುತ್ತಾರೆ, ಕೈಗೆ ಸಿಕ್ಕಿದ್ದು ಹಿಡಿದುಕೊಂಡು ಹೊರಡಬೇಕು, ಗಡಿಯಲ್ಲಿ ಕಾವಲುಗಾರರು ತಡೆಯುತ್ತಾರೆ, ಅತ್ತಲೂ ಸೇರಿಸುವುದಿಲ್ಲ ಇತ್ತಲೂ ಬಿಡುವುದಿಲ್ಲ. ಪಾಠ ಹೇಳಿದರೆ ಮಕ್ಕಳು ಬರೆದುಕೊಳ್ಳುತ್ತವೆ, ಆಡಿಸಿದರೆ ಇನ್ನೊಬ್ಬರ ಸಂಕಟ ಮೈಗೆ ಹತ್ತುತ್ತದೆ ಎಂದರು. ನಾನು ಮಗುವನ್ನು ಎತ್ತಿಕೊಂಡು ಓಡುವ ತಾಯಿಯಾಗಿದ್ದೆ. ಮಗು ಎಂದರೆ ಒಂದು ದಿಂಬು. ಗಡಿಯಲ್ಲಿ ಆ ದಿಂಬನ್ನು ಕಿತ್ತುಕೊಂಡಾಗ ನಾನು ಅತ್ತುಬಿಟ್ಟೆ. ನಿನ್ನಕ್ಕ ಅಷ್ಟು ಸುಲಭಕ್ಕೆ ಅಳುವವಳಲ್ಲ ಎಂದು ನಿನಗೆ ಗೊತ್ತು. ಆದ್ದರಿಂದಲೇ ಈ ಆಟವನ್ನು ನಮ್ಮ ಶಾಲೆಯಲ್ಲಿ ಆಡಿಸಲೇಬೇಕು ಎಂದು ಹಟ ಹಿಡಿದೆ.

ಹಟಕ್ಕೆ ಕಾರಣ ಇತ್ತು. ಹತ್ತನೇ ತರಗತಿಯಲ್ಲಿ ಜಲಜ ಎಂದು ಒಬ್ಬಳಿದ್ದಾಳೆ. ಹಾಸ್ಟೆಲ್ ಹುಡುಗಿ. ಬೇಗಾರಿನ ಮೇಲಿನ ಯಾವುದೋ ಕೊಡಿಗೆಯವಳಂತೆ, ಕಾಡಂಚಿನ ನಾಲ್ಕಾರು ಮನೆಗಳ ಜಾಗ. ಮೂರು ವರ್ಷದ ಹಿಂದೆ ಅಲ್ಲಿನ ಎಸ್ಟೇಟಿನವರು ಜಾಗ ತಮ್ಮದೆಂದು ಅಷ್ಟೂ ಮನೆಗಳನ್ನು ಎಬ್ಬಿಸಿದರಂತೆ. ಈಗ ಅವಳ ತಾಯಿ ಸೀತೂರಿನ ಕಡೆ ಯಾರದೋ ತೋಟದ ಬದಿಯಲ್ಲಿ ಟಾರ್ಪಾಲು ಕಟ್ಟಿಕೊಂಡು ಕೂಲಿ ಮಾಡುತ್ತಾಳೆ. ಅದಕ್ಕೆ ತರಗತಿಯ ಹುಡುಗಿಯರು ಇವಳಿಗೆ ಟಾರ್ಪಾಲು ಎಂದು ಹೆಸರಿಟ್ಟಿದ್ದರು. ಟಾರ್ಪಾಲು ಬಂತು, ಟಾರ್ಪಾಲು ಹೋಯಿತು. ಮುಂದಾಳು ಅರ್ಪಣಾ, ಕಡಹಿನಬೈಲಿನ ತ್ರ್ಯಂಬಕರ ಮಗಳು. ತ್ರ್ಯಂಬಕರು ನಮ್ಮ ಶಾಲಾ ಸಮಿತಿಯ ಅಧ್ಯಕ್ಷರು, ದೊಡ್ಡ ಕುಳ. ಹುಡುಗಿ ಕೆಟ್ಟವಳಲ್ಲ, ಬಾಯಿ ಮಾತ್ರ ಚೂಪು.

ಗಣಪತಿ ಹಬ್ಬಕ್ಕೆ ಮುಂಚಿನ ಶುಕ್ರವಾರ ಮಧ್ಯಾಹ್ನ ಬಿಸಿಯೂಟದ ಕೋಣೆಯ ಹಿಂದೆ ಹಗ್ಗ ಕಟ್ಟಿ ಗಡಿ ಮಾಡಿದೆ. ಅಡುಗೆಯ ಶಂಕರಮ್ಮ ನೋಡಿ, "ಮನೆ ಅಂತೀರಿ, ಒಲೆನೇ ಇಲ್ವಲ್ಲ ಟೀಚರ್. ಒಲೆ ಇಲ್ದೆ ಎಂತ ಮನೆ?" ಎಂದಳು. ನನಗೂ ಸರಿ ಎನಿಸಿತು. ಮೂರು ಕಲ್ಲಿಟ್ಟು ನಿಜವಾದ ಬೆಂಕಿ ಹಾಕಿ ಗಂಜಿಗೆ ಇಟ್ಟೆವು. ಪಾತ್ರಗಳಿಗೆ ಚೀಟಿ ಎತ್ತಿಸಿದೆ. ಜಲಜಳಿಗೆ ಬಂದದ್ದು ಮನೆಯ ಅಜ್ಜಿಯ ಪಾತ್ರ. ಅರ್ಪಣಾಗೆ ಮನೆಯವರನ್ನು ಎಬ್ಬಿಸಲು ಬರುವ ಕಾವಲುಗಾರನದ್ದು. ನಿಜವಾಗಿ ಮನೆ ಕಳೆದುಕೊಂಡವಳನ್ನು ಆಟದಲ್ಲೂ ಯಾಕೆ ಎಬ್ಬಿಸಬೇಕು, ಒಂದು ದಿನವಾದರೂ ಅವಳು ಎಬ್ಬಿಸುವವರ ಕಡೆ ನಿಲ್ಲಲಿ ಎಂದುಕೊಂಡು ಇಬ್ಬರ ಚೀಟಿಯನ್ನೂ ಅದಲುಬದಲು ಮಾಡಿಬಿಟ್ಟೆ. ದೊಡ್ಡ ಬುದ್ಧಿವಂತೆ ನಾನು.

ಆಟ ಶುರುವಾಗುತ್ತಿದ್ದಂತೆ ಹೆಡ್‌ಮಾಸ್ಟರ್ ಉಮಾಮಹೇಶ್ವರ ಅವರು ಫೋನು ಬಂದಿದೆ ಎಂದು ಕರೆಸಿದರು. ಹೋದೆ. ಐದು ನಿಮಿಷದ ಮಾತು ಅಂದುಕೊಂಡಿದ್ದು ಉದ್ದವಾಯಿತು. ಆಮೇಲೆ ನಡೆದದ್ದನ್ನು ಮಕ್ಕಳು ಹೇಳಿದ್ದು.

ಮೊದಲು ಎಲ್ಲ ನಗುನಗುತ್ತಾ ಇದ್ದರಂತೆ. ಕಾವಲುಗಾರರು ಏಯ್ ಏಳಿ ಏಳಿ ಎಂದು ಕೂಗುವುದು, ಮನೆಯವರು ಅಯ್ಯೋ ಎನ್ನುವುದು. ಜಲಜ ಸುಮ್ಮನೆ ನಿಂತಿದ್ದಳು. ಇದ್ದಕ್ಕಿದ್ದಂತೆ "ಹಿಂಗಲ್ಲ ಮಾಡೋದು" ಎಂದಳಂತೆ. ಇಬ್ಬರನ್ನು ಹಿಂದಕ್ಕೆ ಕಳಿಸಿ, "ಮೊದ್ಲು ಹಿಂದಿನ ಬಾಗ್ಲು ಕಟ್ಬೇಕು" ಎಂದಳು. ಶಂಕರಮ್ಮನ ಕೋಣೆಯಿಂದ ಬಿದಿರಿನ ದೊಣ್ಣೆ ತಂದಳು. ಗಂಜಿಯ ಪಾತ್ರೆಯನ್ನು ಒದ್ದಳು. ಕುದಿಯುವ ಗಂಜಿ ಗಾನವಿ ಎಂಬ ಹುಡುಗಿಯ ಪಾದದ ಮೇಲೆ ಬಿದ್ದು ಚರ್ಮ ಸುಲಿದು ಬಂತು. ಆಗಲೂ ಕೆಲವರಿಗೆ ಇದು ಆಟವೇ. ಯಾಕೆಂದರೆ ಅಷ್ಟು ಮಾಡಿದವಳು ಚಪ್ಪಲಿ ಬಿಚ್ಚಿ ಬದಿಗಿಟ್ಟು ಒಲೆಯ ಹತ್ತಿರ ಬಂದು, ಬಕೆಟ್ಟಿನ ನೀರನ್ನು ಬೆಂಕಿಯ ಮೇಲೆ ಸುರಿದು, ತಿರುಗಿ ಹೋಗಿ ಚಪ್ಪಲಿ ಹಾಕಿಕೊಂಡಳಂತೆ. ಅದನ್ನು ನೋಡಿ ಮಕ್ಕಳು ನಕ್ಕರಂತೆ. ಇದನ್ನು ಕೇಳಿದಾಗ ಆ ಗಡಿಬಿಡಿಯಲ್ಲೂ ನನಗೆ ನಿನ್ನ ನೆನಪಾಯಿತು. ಚಪ್ಪಲಿ ಹಾಕಿಕೊಂಡು ಒಲೆಯ ಹತ್ತಿರ ಬಂದಿದ್ದಕ್ಕೆ ಸೌಟಿನಲ್ಲಿ ನಿನ್ನ ಮೊಣಕಾಲಿಗೆ ಬಾರಿಸಿದ್ದೆನಲ್ಲ. ಆಮೇಲೆ ನೀನು ಆ ತಪ್ಪು ಮಾಡಲಿಲ್ಲ.

ಅರ್ಪಣಾ ಅಜ್ಜಿಯ ಪಾತ್ರ ಬಿಡಲಿಲ್ಲ. ಒಲೆಯ ಮುಂದೆಯೇ ಕೂತು, "ನಾನು ಏಳಲ್ಲ, ಇದು ನನ್ನ ಮನೆ" ಎಂದಳು. ಜಲಜ ಅವಳ ಜಡೆ ಹಿಡಿದು ಎಳೆದು ದೊಣ್ಣೆಯಿಂದ ಹೊಡೆದಳು. ಹಣೆ ಒಡೆಯಿತು. ಕೂಗು ಕೇಳಿ ನಾನು ಓಡಿಬಂದಾಗ ಅರ್ಪಣಾ ಬೂದಿ, ನೀರು, ರಕ್ತ ಕಲೆಸಿದ ಕೆಸರಿನಲ್ಲಿ ಬೋರಲು ಬಿದ್ದಿದ್ದಳು. ಅವಳ ಕೈ ಒಲೆಕಲ್ಲನ್ನು ಹಿಡಿದುಕೊಂಡಿತ್ತು. ಜಲಜ ಆ ಕೈಯನ್ನು ತುಳಿಯುತ್ತಿದ್ದಳು. ಮಣಿಕಟ್ಟಿನ ಮೂಳೆ ಮುರಿದ ಶಬ್ದವನ್ನು ನಾನು ಈ ಕಿವಿಯಿಂದ ಕೇಳಿದೆ. ಹಿಂದಿನಿಂದ ತಬ್ಬಿ ಎಳೆದೆ. ಆಗ ಕಚ್ಚಿದ್ದು. ನಾನು ಬಿಡಲಿಲ್ಲ. ಕೊನೆಗೆ ಅವಳು ನನ್ನ ಮುಖ ನೋಡಿ, ಹೋಮ್‌ವರ್ಕ್ ಬಾಕಿ ಇದೆ ಎನ್ನುವಷ್ಟು ಸಾಧಾರಣವಾಗಿ, "ಇನ್ನೂ ಮುಗ್ದಿಲ್ಲ ಟೀಚರ್. ಬೆಂಕಿ ಕೊಡೋದು ಬಾಕಿ ಉಂಟು" ಎಂದಳು.

ಅರ್ಪಣಾಳನ್ನು ಕೊಪ್ಪಕ್ಕೆ ಕರೆದುಕೊಂಡು ಹೋಗಿ ಕೈಗೆ ಪ್ಲಾಸ್ಟರ್ ಹಾಕಿಸಿ ಹಣೆಗೆ ಹೊಲಿಗೆ ಹಾಕಿಸಿದರು. ಗಾನವಿಯ ಪಾದಕ್ಕೂ ಅಲ್ಲೇ ಪಟ್ಟಿ ಕಟ್ಟಿಸಿದರು. ತ್ರ್ಯಂಬಕರು ಪೊಲೀಸರಿಗೆ ಕೊಡುತ್ತೇನೆ, ಶಾಲೆಯಿಂದ ಕಿತ್ತುಹಾಕಿ ಎನ್ನುತ್ತಿದ್ದಾರೆ. ಹದಿನಾರಕ್ಕೆ ಸಮಿತಿಯ ಸಭೆ. ಅವಳನ್ನು ಕಳಿಸಿದರೆ ಎಸ್ಸೆಸ್ಸೆಲ್ಸಿ ಹೋಯಿತು, ನೆತ್ತಿಯ ಮೇಲಿನ ಸೂರೂ ಹೋಯಿತು. ಮುಂದೆ ಆ ಟಾರ್ಪಾಲು, ಕೂಲಿ, ಅಷ್ಟೇ. ನಾನು ಚೀಟಿ ಬದಲಿಸದೆ ಇದ್ದಿದ್ದರೆ ಇದಾಗುತ್ತಿರಲಿಲ್ಲ. ಅವಳು ಶಾಲೆಯಲ್ಲಿ ಉಳಿಯಬೇಕು ವೀರೇಶ. ಉಳಿಸದೆ ನನಗೆ ಅನ್ನ ಇಳಿಯುವುದಿಲ್ಲ.

ಅದಕ್ಕೇ ನಿನ್ನನ್ನು ಕೇಳುವುದು. ಸಕಲೇಶಪುರಕ್ಕೆ ಹೋಗುವ ಮೊದಲು ನೀನು ಬೇಗಾರಿನ ಮೇಲಿನ ಎಸ್ಟೇಟಿನಲ್ಲೇ ಅಲ್ಲವೇ ಸ್ಟೋರ್ ನೋಡಿಕೊಂಡಿದ್ದು? ನಿನ್ನ ದೊರೆಗಳಿಗೂ ತ್ರ್ಯಂಬಕರಿಗೂ ಅಡಿಕೆ ಮಂಡಿಯ ಸ್ನೇಹವಿದೆ ಎಂದು ಕೇಳಿದ್ದೇನೆ. ಅವರಿಂದ ಒಂದು ಮಾತು ಹೇಳಿಸು. ಆ ಕೊಡಿಗೆಯ ಜನರನ್ನೂ ನೀನು ಕಂಡಿರಬಹುದು. ಹುಡುಗಿಯ ಅಜ್ಜಿಯ ಹೆಸರು ಕರಿಯಕ್ಕ.

ಹೊತ್ತು ಹೊತ್ತಿಗೆ ಉಣ್ಣು, ತಲೆಗೆ ಬಟ್ಟೆ ಕಟ್ಟದೆ ಇಬ್ಬನಿಯಲ್ಲಿ ತಿರುಗಬೇಡ.

ನಿನ್ನ ಅಕ್ಕ,
ಗಂಗಾಂಬಿಕೆ

ಮರೆತಿದ್ದೆ: ಬಾಳೆಹೊನ್ನೂರಿನ ಕಡೆಯಿಂದ ಒಂದು ಸಂಬಂಧ ಬಂದಿದೆ. ಹುಡುಗಿ ಶಿಲ್ಪಶ್ರೀ, ಬಿ.ಎ. ಓದಿದ್ದಾಳೆ. ನಮ್ಮ ಹುಡುಗ ಇರುವೆಯನ್ನೂ ದಾಟಿಕೊಂಡು ನಡೆಯುವವನು ಎಂದು ಹೇಳಿದ್ದೇನೆ. ಆಯುಧಪೂಜೆಗೆ ಬಂದರೆ ನೋಡಿ ಬರೋಣ.


ನರಸಿಂಹರಾಜಪುರ
೨೪ ಸೆಪ್ಟೆಂಬರ್ ೨೦೦೬, ಭಾನುವಾರ

ತಮ್ಮಾ,

ಈ ಸಲ ನೀನೇ ಗೆದ್ದೆ. ಮರುಟಪಾಲಿಗೆ ಉತ್ತರ ಬರೆದಿದ್ದೀಯ, ನಿನ್ನ ಜನ್ಮದಲ್ಲಿ ಇದು ಮೊದಲು. ಹೊಗಳಬೇಕು ಅಂದುಕೊಂಡು ಲಕೋಟೆ ಬಿಚ್ಚಿದರೆ ಒಳಗೆ ಇದ್ದದ್ದು ನಾಲ್ಕು ಸಾಲು. ಆ ಹುಡುಗಿಯನ್ನು ಕಳಿಸಿಬಿಡಿ, ಆ ಕೊಡಿಗೆಯವರು ಸುಳ್ಳು ಹೇಳುವ ಜನ, ನೀನು ನಡುವೆ ತಲೆ ಹಾಕಬೇಡ, ಅವಳನ್ನು ಮನೆಗಂತೂ ಸೇರಿಸಬೇಡ. ಅಷ್ಟೇ. ನನಗೆ ಸಿಟ್ಟು ಬಂತು. ನಾನು ಕೇಳಿದ್ದು ಸಹಾಯ, ನೀನು ಕೊಟ್ಟಿದ್ದು ಅಪ್ಪಣೆ. ಅದಕ್ಕೇ ಇಷ್ಟು ದಿನ ಬರೆಯಲಿಲ್ಲ. ಈಗ ಸಿಟ್ಟು ಇಳಿದಿದೆ. ಎಸ್ಟೇಟಿನಲ್ಲಿ ಕಾವಲು ಕಾಯುವವರ ನಡುವೆ ಇದ್ದೂ ಇದ್ದೂ ನಿನಗೂ ಅವರ ಭಾಷೆ ಅಂಟಿಕೊಂಡಿದೆ, ಮದುವೆಯಾದರೆ ಸರಿಹೋಗುತ್ತದೆ.

ನೀನು ಬೇಡ ಎಂದಿದ್ದನ್ನೇ ಮಾಡಿದ್ದೇನೆ, ಕೇಳು.

ಸಭೆಗೆ ಮುಂಚೆಯೇ ಒಂದು ಅನಾಹುತವಾಯಿತು. ತ್ರ್ಯಂಬಕರ ತಮ್ಮ ಶಶಾಂಕ ಇನ್ನಿಬ್ಬರನ್ನು ಕಟ್ಟಿಕೊಂಡು ಜೀಪಿನಲ್ಲಿ ಹಾಸ್ಟೆಲಿಗೆ ಬಂದ. ಬಟ್ಟೆ ಒಗೆಯುತ್ತಿದ್ದ ಜಲಜಳನ್ನು ಅಂಗಳಕ್ಕೆ ಎಳೆದು ಬೆಲ್ಟಿನಲ್ಲಿ ಹೊಡೆದ. ಹೊಡೆದದ್ದು ಬಕಲಿನ ಕಡೆಯಿಂದ. ಕಿವಿಯ ತುದಿ ಹರಿಯಿತು, ಬೆನ್ನೆಲ್ಲ ಬಾಸುಂಡೆ. ವಾರ್ಡನ್ ಬಾಗಿಲಲ್ಲಿ ನಿಂತು ನೋಡಿದರು. ಉಳಿದ ಹುಡುಗಿಯರು ಕಿಟಕಿಯಿಂದ ನೋಡಿದರು. ನಾನು ಹೋಗುವಷ್ಟರಲ್ಲಿ ಜೀಪು ಹೊರಟುಹೋಗಿತ್ತು. ಅವಳು ಒಗೆಯುವ ಕಲ್ಲಿನ ಮೇಲೆ ಕೂತು ಉಳಿದ ಬಟ್ಟೆ ಹಿಂಡುತ್ತಿದ್ದಳು. ನೀರೆಲ್ಲ ಕೆಂಪು. "ಅಳು ಮಾರಾಯ್ತಿ, ಅತ್ತುಬಿಡು" ಎಂದೆ. "ಅತ್ರೆ ಜಾಸ್ತಿ ಹೊಡೀತಾರೆ ಟೀಚರ್" ಎಂದಳು. ಅವಳ ಪರವಾಗಿ ದೂರು ಕೊಡೋಣವೆಂದು ಉಮಾಮಹೇಶ್ವರರ ಹತ್ತಿರ ಹೋದರೆ, "ಎರಡೂ ಕಡೆ ಆಯ್ತಲ್ಲ ಮೇಡಂ, ಸಮಕ್ಕೆ ಸಮ ಆಯ್ತು, ಬಿಡಿ" ಎಂದರು. ಅವರ ಮೇಜಿನ ಮೇಲಿದ್ದ ಗಾಜಿನ ಲೋಟವನ್ನು ಗೋಡೆಗೆ ಎಸೆದು ಬಂದೆ. ಸಂಬಳದಲ್ಲಿ ಹಿಡಿದುಕೊಳ್ಳಲಿ.

ಸಭೆಯ ದಿನ ಜಲಜಳ ತಾಯಿ ಬಂದು ವರಾಂಡದ ಕೆಳಗೆ ನೆಲದ ಮೇಲೆ ಕೂತಿದ್ದಳು. ಕುರ್ಚಿ ಕೊಟ್ಟರೂ ಮೇಲೆ ಬರಲಿಲ್ಲ. ತ್ರ್ಯಂಬಕರು ಅರ್ಪಣಾಳನ್ನೂ ಕರೆತಂದಿದ್ದರು, ಎಲ್ಲರೂ ಪ್ಲಾಸ್ಟರ್ ನೋಡಲಿ ಎಂದು. "ಎಂತ ಆಟ ಇದು? ನಮ್ಮ ಕೂಸಿನ ಕೈ ಮುರಿಯೋದನ್ನ ಯಾವ ಪುಸ್ತಕದಲ್ಲಿ ಬರೆದಿದ್ದಾರೆ? ಈ ಹುಡುಗಿಗೆ ಇದನ್ನೆಲ್ಲ ಕಲಿಸಿದ್ದು ಯಾರು?" ಎಂದು ನನ್ನ ಕಡೆ ನೋಡಿದರು. ನಾನು ಬಾಯಿ ತೆರೆಯುವ ಮೊದಲೇ ಜಲಜ ಹೇಳತೊಡಗಿದಳು. ಅವಳು ಅಷ್ಟು ಮಾತಾಡಿದ್ದನ್ನು ನಾನು ಯಾವತ್ತೂ ಕೇಳಿರಲಿಲ್ಲ.

"ಗಂಡಸ್ರೆಲ್ಲ ಕೆಲ್ಸಕ್ಕೆ ಹೋದ್ಮೇಲೆ ಬಂದ್ರು. ಮೊದ್ಲು ಹಿಂದಿನ ಬಾಗ್ಲಿಗೆ ಜನ ನಿಂತ್ರು. ನಮ್ಮ ನಾಯಿ ಬೊಗಳ್ತು, ಅದರ ಸೊಂಟಕ್ಕೆ ಹಾರೆಲಿ ಹೊಡೆದ್ರು. ಅದು ಎರಡು ಕಾಲಲ್ಲೇ ಎಳ್ಕೊಂಡು ನಮ್ಮ ಹತ್ರ ಬಂತು. ಆಚೆ ಮನೆಗಳಿಗೆ ಅಷ್ಟೊತ್ತಿಗೇ ಬೆಂಕಿ ಕೊಟ್ಟಿದ್ರು. ಅನ್ನದ ಪಾತ್ರೆ ಒದ್ರು. ಅಜ್ಜಿ ಒಲೆ ಬಿಟ್ಟು ಏಳ್ಲಿಲ್ಲ. ಆ ಒಲೆ ಅದು ಮದುವೆಯಾಗಿ ಬಂದಾಗ ಹಾಕಿದ್ದು. ಒಬ್ಬ ಬೂಟು ಬಿಚ್ಚಿಟ್ಟು ಬಂದು ಒಲೆಗೆ ನೀರು ಹೊಯ್ದ. ಮತ್ತೆ ಬೂಟು ಹಾಕ್ಕೊಂಡ. ಆಮೇಲೆ ಅಜ್ಜಿ ಜುಟ್ಟು ಹಿಡ್ದು ಎಳ್ದ. ಅದು ಒಲೆಕಲ್ಲು ಹಿಡ್ಕೊಂಡಿತ್ತು. ಬಿಡೋವರೆಗೂ ಕೈ ತುಳ್ದ. ಅಪ್ಪ ಓಡಿ ಬಂದಾಗ ಅವನ ಮಂಡಿ ಒಡೆದ್ರು. ಅಜ್ಜಿ ಕೈ ಕೊಳ್ತು ಹೋಗಿ ಟಾರ್ಪಾಲಿನ ಕೆಳಗೇ ಸತ್ತೋಯ್ತು. ಅಪ್ಪ ಎಲ್ಲ್ಹೋದನೋ ಗೊತ್ತಿಲ್ಲ. ಟೀಚರ್ ನನಗೆ ಕಾವಲುಗಾರನ ಪಾತ್ರ ಕೊಟ್ರು. ನಾನು ನೋಡಿದ್ದು ಅವನೊಬ್ಬನನ್ನೇ."

ವರಾಂಡದ ಕೆಳಗೆ ಕೂತಿದ್ದ ತಾಯಿ ಸೆರಗನ್ನು ಬಾಯಿಗೆ ತುರುಕಿಕೊಂಡಳು. ತ್ರ್ಯಂಬಕರು ಕೆಮ್ಮಿ, ಅದೆಲ್ಲ ಕೋರ್ಟಿನ ವಿಷಯ, ಇಲ್ಲಿ ಬೇಡ ಎಂದರು. ಆಗ ಅರ್ಪಣಾ ಎದ್ದು ನಿಂತಳು. "ಅಪ್ಪಯ್ಯ, ನಂಗೆ ಎದ್ದು ಓಡಬಹುದಿತ್ತು. ಒಲೆಗೆ ನೀರು ಹಾಕಿದಾಗ ಚುಂಯ್ ಅಂತ ಶಬ್ದ ಬಂತಲ್ಲ, ಆಮೇಲೆ ಎದ್ದು ಹೋಗೋಕೆ ಮನಸ್ಸೇ ಬರ್ಲಿಲ್ಲ. ಆಟ ಅಂತ ಮರ್ತೇ ಹೋಯ್ತು. ಇವಳಿಗೆ ಟಾರ್ಪಾಲು ಅಂತ ಹೆಸರಿಟ್ಟಿದ್ದು ನಾನೇ. ಪೊಲೀಸರಿಗೆಲ್ಲ ಕೊಡಬೇಡಿ" ಎಂದಳು. ಕೂಸಿಗೆ ಜ್ವರ, ಎಂತೆಂತದೋ ಮಾತಾಡ್ತದೆ ಎಂದು ತ್ರ್ಯಂಬಕರು ಅವಳನ್ನು ಕೂರಿಸಿದರು. ಆದರೂ ದನಿ ಮೊದಲಿನ ಹಾಗಿರಲಿಲ್ಲ. ಮೈಸೂರಿನ ಆ ಹೆಂಗಸು ಹೇಳಿಕೊಟ್ಟ ಆಟ ಇಡೀ ತರಗತಿಯಲ್ಲಿ ಒಬ್ಬಳಿಗೆ ಹತ್ತಿತು, ಅದೂ ಕೈ ಮುರಿದ ಮೇಲೆ. ಇನ್ನು ಮುಂದೆ ಯಾರಿಗೂ ನಾನದನ್ನು ಆಡಿಸುವುದಿಲ್ಲ.

ಕೊನೆಗೆ ತೀರ್ಮಾನವಾದದ್ದು ಇದು. ಪೊಲೀಸ್ ಬೇಡ, ಶಾಲೆಯಲ್ಲಿ ಇರಬಹುದು, ಪರೀಕ್ಷೆಗೆ ಕೂರಬಹುದು, ಹಾಸ್ಟೆಲಿನಲ್ಲಿ ಮಾತ್ರ ಇರಕೂಡದು. "ಹಾಗಾದ್ರೆ ಎಲ್ಲಿರ್ತಾಳೆ?" ಎಂದು ಉಮಾಮಹೇಶ್ವರರು ಕೇಳಿದರು. "ನಮ್ಮನೇಲಿ" ಎಂದೆ. ಯೋಚಿಸಿ ಹೇಳಿದ್ದಲ್ಲ, ಬಾಯಿಗೆ ಬಂತು.

ಈಗ ವಾರವಾಯಿತು. ಅವಳ ಬೆನ್ನಿಗೆ ದಿನಾ ಎಣ್ಣೆ ಹಚ್ಚುತ್ತೇನೆ. ಕೆಲಸದಲ್ಲಿ ಚುರುಕು, ಗಣಿತದಲ್ಲಿ ದಡ್ಡಿ, ಥೇಟ್ ನಿನ್ನ ಹಾಗೆ. ಹಿಂದಿನ ಬಾಗಿಲಿಗೆ ನಾನು ಚಿಲಕ ಹಾಕಿದರೆ ಎದ್ದುಹೋಗಿ ತೆಗೆದು ಬರುತ್ತಾಳೆ. ಕಳ್ಳರು ಬರ್ತಾರೆ ಕಣೇ ಎಂದರೆ, ಬರ್ಲಿ ಟೀಚರ್, ನಾವು ಹೋಗಕ್ಕೆ ದಾರಿ ಬೇಕಲ್ಲ ಎನ್ನುತ್ತಾಳೆ. ಮೊನ್ನೆ ಗ್ಯಾಸಿನವನು ಬಾಗಿಲು ಬಡಿದ ಶಬ್ದಕ್ಕೆ ಕೈಯಲ್ಲಿದ್ದ ಈಳಿಗೆಮಣೆಯನ್ನೇ ಎತ್ತಿಕೊಂಡು ನಿಂತಿದ್ದಳು. ಆ ಪಾಪದವನು ಸಿಲಿಂಡರ್ ಅಲ್ಲೇ ಬಿಟ್ಟು ಓಡಿಹೋದ. ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಆದರೆ ಒಲೆಯ ಮುಂದೆ ಕೂತಾಗ ಮಾತ್ರ ಅವಳ ಮುಖ ಹುಡುಗಿಯ ಮುಖವಾಗುತ್ತದೆ. ಗ್ಯಾಸ್ ಇದ್ದರೂ ಗಂಜಿಯನ್ನು ಒಲೆಯ ಮೇಲೇ ಮಾಡುತ್ತಾಳೆ. ಒಲೆ ಸಾರಿಸಿ ರಂಗೋಲಿ ಎಳೆಯುತ್ತಾಳೆ. ನೀನು ಬಂದಾಗ ನೋಡುವಿಯಂತೆ. ಅವಳ ಬಗ್ಗೆ ನೀನು ಬರೆದದ್ದಕ್ಕೆ ನಿನಗೇ ನಾಚಿಕೆಯಾಗುತ್ತದೆ.

ಆಯುಧಪೂಜೆಗೆ ತಪ್ಪಿಸಬೇಡ. ಕಡುಬು ಮಾಡುತ್ತೇವೆ. ಬಾಳೆಹೊನ್ನೂರಿನವರು ಕಾಯುತ್ತಿದ್ದಾರೆ. ಶಿವ ನಿನ್ನನ್ನು ತಣ್ಣಗಿಡಲಿ. ನೀನು ಹೋದ ಕಡೆಯಲ್ಲೆಲ್ಲ ಉರಿಯುವ ಒಂದು ಒಲೆ ಇರಲಿ, ಅದರ ಮುಂದೆ ನಿನಗೆ ಬಡಿಸುವ ಒಂದು ಕೈ ಇರಲಿ.

ನಿನ್ನ ಅಕ್ಕ,
ಗಂಗಾಂಬಿಕೆ


ಮಂಗಳವಾರ ಬೆಳಿಗ್ಗೆ

ಭಾನುವಾರವೇ ಅಂಟಿಸಿಟ್ಟಿದ್ದೆ. ಇವತ್ತು ಲಕೋಟೆ ಹರಿದು ಇದನ್ನು ಸೇರಿಸುತ್ತಿದ್ದೇನೆ. ಮೇಲೆ ಬರೆದದ್ದನ್ನು ಹೊಡೆದುಹಾಕುವುದಿಲ್ಲ. ಅದನ್ನು ಬರೆದಾಗ ನೀನು ನನಗೆ ಯಾರಾಗಿದ್ದೆ ಎಂದು ನೀನು ಓದಬೇಕು.

ನಿನ್ನೆ ಬೆಳಿಗ್ಗೆ ನನಗೆ ಕೆಮ್ಮು ಬಂದಿತ್ತು. ಒಲೆಯ ಅಂಚಿನಿಂದ ಚಿಟಿಕೆ ಬೂದಿ ತೆಗೆದು ಕಣ್ಣು ಮುಚ್ಚಿ ಗಂಟಲಿಗೆ ಹಚ್ಚಿಕೊಂಡೆ. ತಟ್ಟೆ ಬಿದ್ದ ಶಬ್ದವಾಯಿತು. ಕಣ್ಣು ಬಿಟ್ಟರೆ ಜಲಜ ಹಿಂದಿನ ಬಾಗಿಲಿಗೆ ಬೆನ್ನು ಕೊಟ್ಟು, ಸೌದೆ ಸೀಳುವ ಕತ್ತಿಯನ್ನು ನನ್ನ ಕಡೆಗೆ ಹಿಡಿದುಕೊಂಡು ನಿಂತಿದ್ದಳು. "ಇದನ್ನ ನಿಮಗೆ ಯಾರು ಕಲಿಸಿದ್ದು?" ಎಂದಳು. ನಮ್ಮಮ್ಮ ಎಂದೆ. "ಅವನೂ ಹಿಂಗೇ ಮಾಡಿದ. ಹೊಗೆಗೆ ಕೆಮ್ಮುತ್ತಾ ಇದ್ದ. ಒಲೆಗೆ ನೀರು ಹೊಯ್ದ ಮೇಲೆ, ಒದ್ದೆಯಾಗದ ಮೂಲೆಯಿಂದ ಬೂದಿ ತೆಗ್ದು, ಕಣ್ಣು ಮುಚ್ಚಿ, ಇಲ್ಲಿ ಹಚ್ಕೊಂಡ. ಶಿವಾ ಅಂದ. ಆಮೇಲೆ ಬೂಟು ಹಾಕಿದ್ದು" ಎಂದಳು. ಅವನು ನೋಡಲು ಹೇಗಿದ್ದ ಎಂದು ನಾನು ಕೇಳಬೇಕಾಗಿರಲಿಲ್ಲ. ಆದರೂ ಕೇಳಿದೆ. ಎಡಹುಬ್ಬಿನ ಮೇಲೆ ಗಾಯದ ಗುರುತು ಎಂದಳು. ಆ ಗಾಯವಾದಾಗ ನಿನ್ನನ್ನು ಸೊಂಟದ ಮೇಲೆ ಎತ್ತಿಕೊಂಡು ಆಸ್ಪತ್ರೆಗೆ ಓಡಿದ್ದು ನಾನು.

ಸ್ಟೋರ್ ನೋಡಿಕೊಳ್ಳುತ್ತೇನೆ ಎಂದಿದ್ದೆ. ಆ ವರ್ಷ ಬೇಸಿಗೆಯಲ್ಲಿ ನೀನು ಮನೆಗೆ ಬಂದಾಗ ಬಟ್ಟೆಯೆಲ್ಲ ಹೊಗೆ ನಾತ, ಕೆಮ್ಮಿ ಕೆಮ್ಮಿ ಕಣ್ಣು ಕೆಂಪಾಗಿತ್ತು. ಕಾಡಿಗೆ ಬೆಂಕಿ ಬಿದ್ದಿತ್ತು, ಆರಿಸಲು ಹೋಗಿದ್ದೆವು ಎಂದೆ. ನಾನು ನಂಬಿದೆ. ನಿನ್ನ ಅಂಗಿ ಒಗೆದೆ, ಎದೆಗೆ ಎಣ್ಣೆ ತಿಕ್ಕಿದೆ, ಗಂಟಲಿಗೆ ಬೂದಿ ಹಚ್ಚಿದೆ. ನನ್ನ ತಮ್ಮ ಕಾಡು ಉಳಿಸಿದ ಎಂದು ಶಾಲೆಯಲ್ಲಿ ಹೇಳಿಕೊಂಡು ತಿರುಗಿದೆ. ಒಲೆಗೆ ಮರ್ಯಾದೆ ಕೊಡುವುದನ್ನು ನಿನಗೆ ಸೌಟಿನಲ್ಲಿ ಹೊಡೆದು ಕಲಿಸಿದೆ. ಒಲೆಯ ಮುಂದೆ ಕೂತವಳಿಗೂ ಕೊಡಬೇಕೆಂದು ಬೇರೆಯಾಗಿ ಕಲಿಸಬೇಕು ಎಂದು ನನಗೆ ಗೊತ್ತಿರಲಿಲ್ಲ ವೀರೇಶ.

ಅವನು ನನ್ನ ತಮ್ಮ ಎಂದು ಅವಳಿಗೆ ಹೇಳಿದೆ. ಕತ್ತಿ ಅವಳ ಕೈಯಲ್ಲೇ ಇತ್ತು, ಬೀಸಿದ್ದರೆ ನಾನು ಸರಿಯುತ್ತಿರಲಿಲ್ಲ. ಅವಳು ಬೀಸಲಿಲ್ಲ. ಅವಳು ಕೇಳಿದ್ದು ಒಂದೇ ಪ್ರಶ್ನೆ. "ಅವ್ನು ನಮ್ಮ ಒಲೆ ಬೂದಿ ಮೈಗೆ ಹಚ್ಕೊಂಡು ಹೋದ, ಇನ್ನು ನಮಗೆ ಎಲ್ಲೂ ಒಲೆ ಹತ್ತಲ್ಲ ಅಂತ ಅಜ್ಜಿ ಸಾಯೋವರೆಗೂ ಹೇಳ್ತಿತ್ತು. ಮಾಟನಾ ಟೀಚರ್ ಅದು?" ಕರಿಯಕ್ಕ ಕೊಳೆತ ಕೈಯನ್ನು ಎದೆಯ ಮೇಲಿಟ್ಟುಕೊಂಡು ಆ ಭಯದಲ್ಲೇ ಸತ್ತಿದ್ದಾಳೆ. ಅದು ಬರೀ ಕೆಮ್ಮಿಗೆ ಎಂದು ನಾನು ಹೇಳಲಿಲ್ಲ. ಆ ಮಾತನ್ನು ಹೇಳಬೇಕಾದವಳು ನಾನಲ್ಲ.

ಬಾಳೆಹೊನ್ನೂರಿನವರಿಗೆ ಬೇಡ ಎಂದು ಹೇಳಿ ಕಳಿಸಿದ್ದೇನೆ. ಜಲಜ ಇಲ್ಲೇ ಇದ್ದಾಳೆ, ಹೋಗಲು ಅವಳಿಗೆ ಬೇರೆ ಜಾಗವಿಲ್ಲ. ಕತ್ತಿಯನ್ನು ಪಕ್ಕದಲ್ಲಿಟ್ಟುಕೊಂಡು ಗಂಜಿ ಬೇಯಿಸುತ್ತಿದ್ದಾಳೆ. ನಾನು ತೆಗೆದಿಡು ಎಂದು ಹೇಳಿಲ್ಲ.

ಆಯುಧಪೂಜೆಗೆ ಬಾ. ಬಂದು ಅಂಗಳದಲ್ಲಿ ನಿಂತು, ಆ ಬೂದಿ ಯಾತಕ್ಕೆ ಎಂದು ಅವಳಿಗೆ ನೀನೇ ಹೇಳು. ಅವಳು ಇನ್ನೇನು ಕೇಳಿದರೂ ಉತ್ತರ ಕೊಡು. ಬೂಟು ಬಿಚ್ಚಬೇಡ. ಕೆಮ್ಮು ಬಂದರೂ ಒಳಗೆ ಬರಬೇಡ.